ಪೂರ್ಣವಿರಾಮವಿಲ್ಲದ ಅರ್ಜಿ

ವರ್ಷ ತುಂಬಿದ ದಿನ ಬೆಳಗ್ಗೆ ಹೆಂಚಿನವರು ಬಂದು ಚಾವಡಿಯ ಸೂರನ್ನು ಇಳಿಸಿಕೊಂಡು ಹೋದರು. ತುಂಬ ಮರ್ಯಾದಸ್ಥರು ಅವರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, "ಅಕ್ಕಾ, ಹತ್ತಬಹುದಾ?" ಎಂದು ಕೇಳಿ, ಚಾವಡಿಯಕ್ಕ ಹೂಂ ಅಂದ ಮೇಲೆಯೇ ಏಣಿ ಹಾಕಿದರು. ಒಂದೊಂದು ಹೆಂಚನ್ನೂ ನಿದ್ದೆ ಹೋದ ಕೂಸನ್ನು ಎತ್ತುವ ಹಾಗೆ ಎತ್ತಿ, ಒಣಹುಲ್ಲು ಹಾಸಿದ ಗಾಡಿಯಲ್ಲಿ ಮಲಗಿಸಿದರು. ಆಮೇಲೆ ರೀಪು ಬಿಚ್ಚಿದರು, ತೊಲೆ ಇಳಿಸಿದರು. ಹೋಗುವಾಗ ಒಂದೊಂದು ಲೋಟ ಗಂಜಿ ಕುಡಿದು, "ಅನುದಾನ ಮತ್ತೆ ಸಿಕ್ಕರೆ ನಾವೇ ತಂದು ಹೊದಿಸ್ತೀವಿ, ಬೇಜಾರು ಮಾಡ್ಕೋಬೇಡಿ" ಎಂದು ಕೈಮುಗಿದರು.

ಚಾವಡಿಯಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ಅದಕ್ಕೆ ಪುರುಸೊತ್ತಿರಲಿಲ್ಲ. ನಾಲ್ಕು ಗೋಡೆ, ಗೋಡೆಯ ನಡುವೆ ನಲವತ್ತೊಂದು ಚಾಪೆ, ಚಾಪೆಯ ಮೇಲೆ ಆಕಾಶ. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟುತ್ತಿತ್ತು.

ಮನೆಯಿಲ್ಲದವರು ಸಂಜೆಯಾದರೆ ಆ ಚಾವಡಿಗೆ ಬರುತ್ತಿದ್ದರು. ಹದಿನೆಂಟು ವರ್ಷದಿಂದ ಅಕ್ಕ ಅವರಿಗೆ ಗಂಜಿ ಕಾಯಿಸುತ್ತಿದ್ದಳು, ಚಾಪೆ ಹಾಸುತ್ತಿದ್ದಳು, ಜಗಳ ಬಿಡಿಸುತ್ತಿದ್ದಳು. ಬಂದವರಲ್ಲಿ ಗರಗಸದಣ್ಣ ಇದ್ದ. ಊರವರ ಮನೆಗಳಿಗೆಲ್ಲ ತೊಲೆ ಕೊಯ್ದು ಕೊಟ್ಟವನು, ತನಗೊಂದು ಕೋಲನ್ನೂ ಉಳಿಸಿಕೊಳ್ಳದವನು. ಇಸ್ತ್ರಿಯಮ್ಮ ಇದ್ದಳು, ಬೀದಿ ಮೂಲೆಯಲ್ಲಿ ಕೆಂಡದ ಪೆಟ್ಟಿಗೆ ಇಟ್ಟುಕೊಂಡು ಬೇರೆಯವರ ಸುಕ್ಕು ತೆಗೆಯುತ್ತಿದ್ದವಳು. ಕಣ್ಣು ಕಾಣದ ಗಡಿಯಾರದ ತಾತ ಇದ್ದ. ಕಿವಿಗೆ ಹಿಡಿದೇ ಗಡಿಯಾರದ ರೋಗ ಹೇಳುತ್ತಿದ್ದ. ಇನ್ನು ಮೂವತ್ತೆಂಟು ಜನ. ಒಬ್ಬೊಬ್ಬರದೂ ಒಂದೊಂದು ಕಥೆ, ಒಂದೊಂದು ಗೊರಕೆ.

ಸೂರು ಬೇಕಾದರೆ ಅನುದಾನ ಬೇಕು. ಅನುದಾನ ಬೇಕಾದರೆ ವರ್ಷ ವರ್ಷವೂ ರಾಟೆಯ ಮುಂದೆ ನಿಲ್ಲಬೇಕು. ಆ ಊರಿನ ಪದ್ಧತಿಯೇ ಹಾಗೆ.

ಕಚೇರಿಯ ಅಂಗಳದಲ್ಲಿ ಮೂರಂತಸ್ತಿನ ಮನೆಯೆತ್ತರದ ಮರದ ರಾಟೆ. ಅದಕ್ಕೊಂದೇ ತೊಟ್ಟಿಲು. ತೊಟ್ಟಿಲಿನಲ್ಲಿ ಮೂವರು ಅಧಿಕಾರಿಗಳು: ಹಿರಿಯ, ನಡುವಿನವ, ಕಿರಿಯ. ಹತ್ತಿರದಲ್ಲೇ ಇದ್ದರೆ ಮನಸ್ಸು ಕರಗುತ್ತದೆ, ದೂರದಲ್ಲೇ ಇದ್ದರೆ ಏನೂ ಕಾಣುವುದಿಲ್ಲ, ಆದ್ದರಿಂದ ಅನುದಾನ ಕೊಡುವವರು ಮೇಲೂ ಕೆಳಗೂ ಹೋಗುತ್ತಲೇ ಇರಬೇಕು ಎಂದು ಹಿಂದಿನವರು ಬರೆದಿಟ್ಟಿದ್ದರು. ಏಳು ಸುತ್ತು ಮುಗಿಯುವ ತನಕ ಅವರು ನೆಲಕ್ಕೆ ಕಾಲಿಡುವಂತಿಲ್ಲ. ಇಟ್ಟರೆ ಅಧಿಕಾರ ಹೋಯಿತು. ತೊಟ್ಟಿಲು ತುತ್ತತುದಿಗೆ ಹೋದಾಗ ಕಚೇರಿಯ ಮೇಲುಪ್ಪರಿಗೆಗೆ ಒಂದು ಹಲಗೆ ಸಿಗುತ್ತಿತ್ತು. ಅಲ್ಲೇ ಅವರ ಊಟ, ಅಲ್ಲೇ ಹಾಸಿಗೆ. ಮೂವರೂ "ನಾನು" ಎನ್ನುವಂತಿಲ್ಲ, "ನಾವು" ಎಂದೇ ಹೇಳಬೇಕು. ಒಬ್ಬರು ಹೇಳಿದರೆ ಮೂವರೂ ಹೇಳಿದ ಹಾಗೆ.

ದಿನಕ್ಕೊಂದು ಸುತ್ತು. ಸುತ್ತಿಗೊಂದು ಪ್ರಶ್ನೆ. ತೊಟ್ಟಿಲು ಕೆಳಗೆ ಬಂದು ನಿಂತಾಗ ಅರ್ಜಿದಾರ ಮುಂದೆ ಬಂದು ಒಂದೇ ಒಂದು ವಾಕ್ಯದಲ್ಲಿ ಉತ್ತರ ಹೇಳಬೇಕು. ಕ್ರಿಯಾಪದ ಬಂದು ವಾಕ್ಯ ಮುಗಿದದ್ದೇ ತಡ, ಗುಮಾಸ್ತ ಜಾಗಟೆ ಹೊಡೆದು ಪೂರ್ಣವಿರಾಮ ಇಡುತ್ತಿದ್ದ. ಆಳುಗಳು ರಾಟೆ ತಳ್ಳುತ್ತಿದ್ದರು. ತೊಟ್ಟಿಲು ಜುಮ್ಮೆಂದು ಮೇಲೆ ಹೋಗಿ ತಿರುಗಿ ಮುಂದಿನವನ ಎದುರು ಬಂದು ನಿಲ್ಲುತ್ತಿತ್ತು. ವಾಕ್ಯ ಮುಗಿಯದ ಹೊರತು ರಾಟೆ ಅಲ್ಲಾಡುವಂತಿಲ್ಲ. ಹೇಳುವವನು ನಡುವೆ ಮೂರು ಉಸಿರಿನಷ್ಟು ಹೊತ್ತು ಸುಮ್ಮನಾದರೆ ಅರ್ಜಿ ಬಿದ್ದುಹೋಯಿತು.

ಆ ವರ್ಷ ಏಳು ಜನ ನಿಂತಿದ್ದರು. ಎಲ್ಲರಿಗಿಂತ ಮುಂದೆ ಬಿಳಿಮನೆಯ ಯಜಮಾನರು. ಊರ ಹೊರಗೆ ಅವರದೊಂದು ಆಶ್ರಯಧಾಮವಿತ್ತು. ಸುಣ್ಣ ಹೊಡೆದ ಗೋಡೆ, ಇಸ್ತ್ರಿ ಮಾಡಿದ ಮೇಲುಹಾಸು, ಸಾಲಾಗಿ ಅರವತ್ತು ಮಂಚ. ಯಾವ ಮಂಚದಲ್ಲೂ ಯಾರೂ ಮಲಗುತ್ತಿರಲಿಲ್ಲ. ಮಲಗಿದರೆ ಸುಕ್ಕಾಗುತ್ತದೆ ಎಂದು ಯಜಮಾನರು ಒಪ್ಪುತ್ತಿರಲಿಲ್ಲ. ಆದರೆ ವಾಕ್ಯ ಹೇಳುವುದರಲ್ಲಿ ಅವರ ಸಮ ಯಾರೂ ಇರಲಿಲ್ಲ.

"ನೀವು ಯಾರು?" ಮೊದಲ ಸುತ್ತಿನ ಪ್ರಶ್ನೆ.

"ನೊಂದವರ ಕಣ್ಣೀರನ್ನು ಪನ್ನೀರಾಗಿಸುವ ಸಂಕಲ್ಪದ ದೀವಟಿಗೆಯನ್ನು ಹಿಡಿದು ನಿಂತ ಸೇವೆಯ ಸಣ್ಣ ಸೇವಕ ನಾನಾಗಿದ್ದೇನೆ" ಎಂದರು ಯಜಮಾನರು. ನಡುವಿನ ಅಧಿಕಾರಿ ಕರವಸ್ತ್ರ ತೆಗೆದ.

"ಗಂಜಿ ಕಾಯಿಸ್ತೀನಿ" ಎಂದಳು ಅಕ್ಕ. ಢಣ್! ತೊಟ್ಟಿಲು ಸರಿಯಾಗಿ ನಿಲ್ಲುವ ಮೊದಲೇ ಮತ್ತೆ ಹಾರಿತು.

ಎರಡನೇ ಸುತ್ತಿನಲ್ಲಿ, ನಿಮ್ಮಲ್ಲಿ ಮಲಗುವವರು ಇದೇ ಊರಿನಲ್ಲಿ ಮನೆ ಇಲ್ಲದವರು, ಬೇರೆ ಊರಿನಲ್ಲಿ ಮನೆ ಇಲ್ಲದವರಲ್ಲ ಎಂಬುದಕ್ಕೆ ಸಾಕ್ಷಿ ಏನು ಎಂದು ಕೇಳಿದರು. ಇಬ್ಬರು ಅರ್ಜಿದಾರರು ಅಲ್ಲೇ ತಲೆ ಮೇಲೆ ಕೈಹೊತ್ತು ಕೂತರು. ಮೂರನೇ ಸುತ್ತಿನಲ್ಲಿ ಮನೆ ಇಲ್ಲದವರ ಮನೆ ನಂಬರು ಕೇಳಿದರು. ಒಬ್ಬನ ಬಾಯಲ್ಲಿ ಎರಡು ಕ್ರಿಯಾಪದ ಬಂದು ಎರಡು ವಾಕ್ಯವಾಗಿ ಅರ್ಜಿ ಬಿತ್ತು. ಇನ್ನೊಬ್ಬ ರಾಟೆಯನ್ನೇ ನೋಡಿ ನೋಡಿ ತಲೆಸುತ್ತು ಬಂದು ಗುಮಾಸ್ತನ ಮಡಿಲಲ್ಲಿ ಬಿದ್ದ.

"ಆಕಾಶದ ಕೆಳಗೆ, ಬಲಗಡೆ ನಲವತ್ತೊಂದನೇದು ಬರ್ಕೊಳ್ಳಿ ಸ್ವಾಮಿ" ಎಂದಳು ಅಕ್ಕ.

ಗುಮಾಸ್ತ ಬರೆದುಕೊಂಡ. ವಾಕ್ಯ ಸರಿಯಾಗಿತ್ತು, ಕ್ರಿಯಾಪದ ಇತ್ತು, ಅವನಿಗೆ ಬೇರೆ ಏನೂ ಬೇಕಿರಲಿಲ್ಲ. ಮೇಲೆ ಹೋಗುತ್ತಿದ್ದ ತೊಟ್ಟಿಲಿನಿಂದ ಕಿರಿಯ ಅಧಿಕಾರಿ ಒಮ್ಮೆ ಬಗ್ಗಿ ನೋಡಿದ. ಅವನು ಮಾತಾಡಿದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ.

ಹೀಗೆ ಒಬ್ಬೊಬ್ಬರೇ ಉದುರಿ, ಆರನೇ ಸುತ್ತಿಗೆ ಯಜಮಾನರು, ಅಕ್ಕ ಇಬ್ಬರೇ ಉಳಿದರು. ಆ ದಿನ ಅಕ್ಕನ ಎದುರು ತೊಟ್ಟಿಲು ನಿಂತಾಗ ಹಿರಿಯ ಅಧಿಕಾರಿ ನಶ್ಯದ ಡಬ್ಬಿ ಹುಡುಕುತ್ತ ಜೇಬಿಗೆ ಕೈಹಾಕಿದ. ಮಡಿಸಿದ ಕಾಗದವೊಂದು ಜಾರಿ ಅವಳ ಕಾಲ ಬಳಿ ಬಿಚ್ಚಿಕೊಂಡು ಬಿತ್ತು. ಎತ್ತಿ ಕೊಡುವ ಅರೆಗಳಿಗೆಯಲ್ಲಿ ಅವಳು ಓದಿಬಿಟ್ಟಳು. ಏಳನೇ ಸುತ್ತಿನ ಆದೇಶ. ಶಾಯಿ ಒಣಗಿ ಎಷ್ಟೋ ದಿನವಾಗಿತ್ತು. ಸೂರು, ಕಂಬಳಿ, ಅಕ್ಕಿ, ಎಲ್ಲವೂ ಬಿಳಿಮನೆಗೆ.

"ಏನಾದ್ರೂ ಓದಿದೆಯೇನಮ್ಮಾ?" ಎಂದ ಹಿರಿಯ.

"ಕನ್ನಡಕ ತಂದಿಲ್ಲ ಬುದ್ಧಿ" ಎಂದಳು ಅಕ್ಕ. ಅವಳಿಗೆ ಕನ್ನಡಕವೇ ಇರಲಿಲ್ಲ.

ಚಾವಡಿಗೆ ಬಂದು ಗಂಜಿ ತಿರುವುತ್ತ ಅವಳು ವಿಷಯ ಹೇಳಿದಳು. ಗರಗಸದಣ್ಣ ಎದ್ದು ನಿಂತು, "ರಾಟೆಯ ಗೂಟವನ್ನೇ ಕೊಯ್ದು ಬಿಡ್ತೀನಿ" ಎಂದ. ಇಸ್ತ್ರಿಯಮ್ಮ ಅವನ ಅಂಗಿಯ ಚುಂಗು ಹಿಡಿದು ಕೂರಿಸಿದಳು. ಗಡಿಯಾರದ ತಾತ ಮಾತ್ರ ತಲೆ ಓರೆ ಮಾಡಿ, ಕೆಟ್ಟ ಗಡಿಯಾರವನ್ನು ಆಲಿಸುವ ಹಾಗೆ ಆಲಿಸಿದ.

"ಆ ಚೀಟಿ ಯಾವಾಗ ಓದ್ತಾರವ್ವಾ?"

"ಏಳನೇ ಸುತ್ತು ಮುಗಿದ ಮೇಲೆ ತಾತ."

"ನಾಳೆ ಮೊದಲು ಯಾರ ವಾಕ್ಯ?"

"ನಂದು. ಕೊನೇ ಸುತ್ತಲ್ಲಿ ಸರದಿ ತಿರುಗುಮುರುಗು, ಆಮೇಲೆ ಯಜಮಾನರದ್ದು."

"ನಿಂದು ಮುಗೀದೇ ಇದ್ರೆ?"

ಎಲ್ಲರೂ ತಾತನನ್ನು ನೋಡಿದರು. ತಾತ ಗಂಜಿ ಸೊರ್ ಎಂದು ಹೀರಿದ. "ನಿಯಮ ಹೇಳೋದು ಒಂದು ವಾಕ್ಯ ಅಂತ. ಎಷ್ಟುದ್ದ ಅಂತ ಹೇಳಿದ್ಯಾ?"

ಅಕ್ಕ ಸೌಟು ಕೆಳಗಿಟ್ಟು ಕೂತಳು. ಜನ್ಮದಲ್ಲಿ ಒಂದು ಸಾಲಿಗಿಂತ ಉದ್ದ ಮಾತಾಡಿದವಳಲ್ಲ ಅವಳು.

ಏಳನೇ ದಿನ ಬೆಳಗ್ಗೆ ತೊಟ್ಟಿಲು ಕೆಳಗಿಳಿದು ಅವಳ ಎದುರು ನಿಂತಿತು. ಮೂವರು ಅಧಿಕಾರಿಗಳೂ ಅಭ್ಯಾಸದ ಹಾಗೆ ಕಾಲು ಮೇಲೆತ್ತಿಕೊಂಡರು. ಗುಮಾಸ್ತ ಪ್ರಶ್ನೆ ಓದಿದ: "ನಿಮಗೇ ಯಾಕೆ ಕೊಡಬೇಕು?"

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಅದು ಹೇಗಂದರೆ ಸ್ವಾಮಿ, ಹದಿನೆಂಟು ವರ್ಷದ ಹಿಂದೆ ಒಂದು ಬೆಳಗ್ಗೆ ನಾನು ಬಾಗಿಲು ತೆಗೆದು, ಜಗಲಿಯ ಮೇಲೆ ಯಾರೋ ಮುದುರಿ ಮಲಗಿದ್ದನ್ನು ಕಂಡು, ಎಬ್ಬಿಸಲೋ ಬೇಡವೋ ಎಂದು ಯೋಚಿಸುತ್ತ ನಿಂತು, ನಿಂತು ನಿಂತು ಕಾಲು ಸೋತು, ಕೊನೆಗೆ ಅವರ ಪಕ್ಕದಲ್ಲೇ ನಾನೂ ಕೂತು, ಕೂತಿದ್ದಕ್ಕೆ ಸುಮ್ಮನಿರಲಾರದೆ ಒಲೆ ಹಚ್ಚಿ, ಒಲೆ ಹಚ್ಚಿದ್ದಕ್ಕೆ ಪಾತ್ರೆ ಇಟ್ಟು, ಪಾತ್ರೆ ಇಟ್ಟಿದ್ದಕ್ಕೆ ಅಕ್ಕಿ ಹಾಕಿ, ಅಕ್ಕಿಯ ಸದ್ದಿಗೆ ಅವರು ಎದ್ದು, ಅವರ ಹಿಂದೆ ಇನ್ನಿಬ್ಬರು ಬಂದು..."

ಗುಮಾಸ್ತ ಕೋಲೆತ್ತಿ ಕಾಯುತ್ತಿದ್ದ. ಕೋಲು ಗಾಳಿಯಲ್ಲೇ ನಿಂತಿತ್ತು. ಇನ್ನೇನು ಬಂತು ಕ್ರಿಯಾಪದ ಎನ್ನುವಷ್ಟರಲ್ಲಿ ಅಕ್ಕ ಅದಕ್ಕೊಂದು ಬಾಲ ಹಚ್ಚುತ್ತಿದ್ದಳು; ಬಂದು, ಹೋಗಿ, ನೋಡಿ, ಕೇಳಿ, ಹೇಳಿ. ಬಿಸಿಲು ನೆತ್ತಿಗೆ ಬಂತು. ಗುಮಾಸ್ತನ ತೋಳು ಕಂಪಿಸತೊಡಗಿತು. ರಾಟೆ ತಳ್ಳುವ ಆಳುಗಳು ಬೀಡಿ ಹಚ್ಚಿ ಕೂತರು.

"ಇದೇನು ಮುಗಿಯುತ್ತೋ ಇಲ್ವೋ?" ಎಂದ ಹಿರಿಯ ಅಧಿಕಾರಿ.

"ಎಂದು ಹಿರಿಯ ಸ್ವಾಮಿಗಳು ಪ್ರೀತಿಯಿಂದ ವಿಚಾರಿಸಲಾಗಿ, ನಾನು ಧೈರ್ಯ ತಂದುಕೊಂಡು, ಬಿಟ್ಟ ಕಡೆಯಿಂದ ಹಿಡಿದು..." ಎಂದು ಅಕ್ಕ ಮುಂದುವರಿಸಿದಳು. ಅಂಗಳದಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

ಹೊತ್ತು ಇಳಿಯುವ ವೇಳೆಗೆ ಅವಳ ಗಂಟಲು ಒಡೆಯಿತು. "ಬಂದು" ಎಂದು ತೆರೆದ ಬಾಯಿಂದ ಮುಂದೆ ಏನೂ ಹೊರಡಲಿಲ್ಲ. ಒಂದು ಉಸಿರು ಕಳೆಯಿತು. ಎರಡು ಉಸಿರು. ಆಗ ಹಿಂದಿನಿಂದ ಗರಗಸದಣ್ಣನ ದಪ್ಪ ದನಿ ಕೇಳಿತು: "ಬಂದು, ಬಂದವರಲ್ಲಿ ನಾನೂ ಒಬ್ಬನಾಗಿ, ಗರಗಸವನ್ನು ತಲೆದಿಂಬು ಮಾಡಿಕೊಂಡು..."

"ಆಕ್ಷೇಪಣೆ!" ಬಿಳಿಮನೆಯ ಯಜಮಾನರು ಕುರ್ಚಿಯಿಂದ ಎದ್ದರು. "ಅರ್ಜಿ ಆಕೆಯದು. ಬೇರೆಯವರು ಹೇಗೆ ಹೇಳುತ್ತಾರೆ?"

ಗುಮಾಸ್ತ ನಿಯಮದ ಪುಸ್ತಕ ತೆಗೆದ. ಗರಗಸದಣ್ಣ ನಿಲ್ಲಿಸದೆ ಹೇಳುತ್ತಲೇ ಇದ್ದ. ಗುಮಾಸ್ತ ಮೊದಲಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಹಾಳೆ ತಿರುವಿ ಗಂಟಲು ಸರಿಮಾಡಿಕೊಂಡ. "ವಾಕ್ಯ ಒಂದೇ ಇರಬೇಕು ಅಂತಿದೆ. ಉಸಿರು ಯಾರದಿರಬೇಕು ಅಂತ ಎಲ್ಲೂ ಇಲ್ಲ ಯಜಮಾನರೇ. ಯಾರು ಬೇಕಾದರೂ ಸೇರಿಸಬಹುದು."

ಅಲ್ಲಿಂದ ಶುರುವಾಯಿತು ನೋಡಿ. ಗರಗಸದಣ್ಣ ಇಸ್ತ್ರಿಯಮ್ಮನಿಗೆ ಕೊಟ್ಟ, ಇಸ್ತ್ರಿಯಮ್ಮ ಗಡಿಯಾರದ ತಾತನಿಗೆ ಕೊಟ್ಟಳು, ತಾತ ಪಕ್ಕದವನಿಗೆ ಕೊಟ್ಟ. ನಲವತ್ತೊಂದು ಜನ ಸಾಲಾಗಿ ಕೂತು, ನೀರಿನ ಕೊಡ ಕೈಯಿಂದ ಕೈಗೆ ದಾಟಿಸುವ ಹಾಗೆ ವಾಕ್ಯವನ್ನು ಬಾಯಿಂದ ಬಾಯಿಗೆ ದಾಟಿಸಿದರು. ಒಂದು ಹನಿಯೂ ಚೆಲ್ಲಲಿಲ್ಲ. ಮನೆ ಹೇಗೆ ಹೋಯಿತೆಂದು ಹೇಳಿದರು. ಹೇಳದೆ ಇದ್ದದ್ದೆಲ್ಲ ಹೊರಗೆ ಬಂತು. ಒಬ್ಬನ ಮನೆಯನ್ನು ರಸ್ತೆ ನುಂಗಿತ್ತು. ಒಬ್ಬಳ ಮನೆಯನ್ನು ಭಾವಮೈದುನ ಒಂದು ಹೆಬ್ಬೆಟ್ಟಿನಲ್ಲಿ ತೆಗೆದುಕೊಂಡಿದ್ದ. ಒಬ್ಬ ಮುದುಕ, ತಾನು ಮನೆ ಕಳೆದುಕೊಂಡದ್ದಲ್ಲ, ಇಟ್ಟ ಜಾಗ ಮರೆತದ್ದು ಎಂದು ಹೇಳಿ ತಾನೇ ಬಿದ್ದು ಬಿದ್ದು ನಕ್ಕ. ಅಳುವ ಕಥೆಯನ್ನೂ ನಿಲ್ಲಿಸದೆ ಹೇಳಬೇಕಾಗಿದ್ದರಿಂದ ಅಳಲು ಯಾರಿಗೂ ಬಿಡುವಿರಲಿಲ್ಲ. ಅಕ್ಕ ಸಾಲಿನ ಉದ್ದಕ್ಕೂ ನೀರಿನ ತಂಬಿಗೆ ಹಿಡಿದು ಓಡಾಡಿದಳು. ಹದಿನೆಂಟು ವರ್ಷ ಇವರ ಚಾಪೆ ಹಾಸಿದವಳಿಗೆ ಇವರ ಕಥೆ ಅರ್ಧಕ್ಕರ್ಧ ಗೊತ್ತೇ ಇರಲಿಲ್ಲ. ಕೇಳುತ್ತ ಕೇಳುತ್ತ ಅವಳ ಮೈಯೆಲ್ಲ ಹಗುರಾಯಿತು.

ಯಜಮಾನರು ಸುಮ್ಮನೆ ಬಿಡುವವರಲ್ಲ. ಯಾರು ಬೇಕಾದರೂ ಸೇರಿಸಬಹುದು ಎಂದಮೇಲೆ ತಾವೂ ಸೇರಿಸಬಹುದು. ಹೊಂಚು ಹಾಕಿ, ಇಸ್ತ್ರಿಯಮ್ಮ ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ನುಗ್ಗಿ ಕೂಗಿದರು: "ಅಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಮನೆಗೆ ಹೋದರು!"

ಕ್ರಿಯಾಪದ ಬಂದೇಬಿಟ್ಟಿತು. ಗುಮಾಸ್ತನ ಕೋಲು ಇಳಿಯತೊಡಗಿತು.

"ಎಂದು ಬಿಳಿಮನೆ ಯಜಮಾನರು ಅಪ್ಪಣೆ ಕೊಡಲಾಗಿ," ಇಸ್ತ್ರಿಯಮ್ಮ ಥಟ್ಟನೆ ಹಿಡಿದಳು, "ಯಾವ ಮನೆ ಯಾವ ಮನೆ ಎಂದು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು, ಉರುಳಿ, ಹೊರಳಿ..."

ಕೋಲು ಜಾಗಟೆಯಿಂದ ಒಂದು ಬೆರಳಿನ ದೂರದಲ್ಲಿ ನಿಂತಿತು. ಅಂಗಳ ತುಂಬ ಜನ ಹೋ ಎಂದು ಕೂಗಿದರು. ಊರಿಗೆ ಊರೇ ಬಂದಿತ್ತು. ತರಕಾರಿಯವರು ತಕ್ಕಡಿ ಬಿಟ್ಟು ಬಂದಿದ್ದರು, ಅಕ್ಕಸಾಲಿಗರು ಊದುಗೊಳವೆ ಬಿಟ್ಟು ಬಂದಿದ್ದರು. "ಎಂದು" ಎಂಬ ಒಂದು ಪದಕ್ಕೆ ಇಷ್ಟು ಶಕ್ತಿಯಿದೆಯೆಂದು ಅಂದಿನವರೆಗೂ ಯಾರಿಗೂ ಗೊತ್ತಿರಲಿಲ್ಲ. ಎಂಥ ಕ್ರಿಯಾಪದವನ್ನು ಎಸೆದರೂ ಅದು ಬಾಯಿ ತೆರೆದು ನುಂಗುತ್ತಿತ್ತು. ಯಜಮಾನರು "ಸತ್ತರು" ಎಂದರು; ನುಂಗಿತು. "ಕಥೆ ಮುಗಿಯಿತು" ಎಂದರು, ಅದನ್ನೂ ನುಂಗಿತು. ನುಂಗಿದಾಗೆಲ್ಲ ಜನ ಚಪ್ಪಾಳೆ ತಟ್ಟಿದರು.

ಎರಡನೇ ದಿನ ಮಳೆ ಬಂತು. ತೊಟ್ಟಿಲಿಗೆ ಮೇಲೆ ಹೊದಿಕೆಯಿರಲಿಲ್ಲ. ಕೆಳಗೆ ಇಷ್ಟು ಹೊತ್ತು ಅದು ಎಂದೂ ನಿಂತಿರಲಿಲ್ಲವಲ್ಲ. ಅಧಿಕಾರಿಗಳ ಊಟ ಮೇಲೆ, ಹಾಸಿಗೆ ಮೇಲೆ, ಕೊಡೆ ಮೇಲೆ. ನೆಲಕ್ಕೆ ಕಾಲಿಡುವ ಹಾಗಿಲ್ಲ. ಮೂವರೂ ಮೊಣಕಾಲು ಎದೆಗೆ ಅವುಚಿಕೊಂಡು ತೊಯ್ದು ಕೂತರು. ಮನೆಗಳಿದ್ದೂ ಮನೆಗೆ ಹೋಗಲಾರದ ಮೂರು ಜನ.

ಅಕ್ಕನಿಗೆ ನೋಡಲಾಗಲಿಲ್ಲ. ಮೂರು ಗೋಣಿಕೊಪ್ಪೆ ತಂದು ಅವರ ತಲೆಗೆ ಹಾಕಿದಳು. ಮೂರು ಲೋಟ ಬಿಸಿ ಗಂಜಿ ಕೊಟ್ಟಳು.

"ಲಂಚವೇ?" ಎಂದ ಹಿರಿಯ ಅಧಿಕಾರಿ, ಹಲ್ಲು ಕಟಕಟ ಎನ್ನುತ್ತಿದ್ದರೂ.

"ಉಪ್ಪಿನಕಾಯಿ" ಎಂದಳು ಅಕ್ಕ. ಲೋಟದ ಮೇಲೊಂದು ಚೂರು ಇಟ್ಟಿದ್ದಳು.

ಹಿರಿಯ ಕುಡಿದ. ಕುಡಿದು ಬಾಯಿ ಒರೆಸಿಕೊಂಡು, ಇದು ಹೀಗೇ ಬಿಟ್ಟರೆ ಆಗುವುದಿಲ್ಲವೆಂದು ಎದೆಯುಬ್ಬಿಸಿ ತಾನೇ ಕೂಗಿದ: "ಅನುದಾನವನ್ನು ಬಿಳಿಮನೆಗೆ ಕೊಟ್ಟೆವು!"

"ಎಂದು ಹಿರಿಯ ಸ್ವಾಮಿಗಳು ಚಳಿಯಲ್ಲಿ ತೊದಲಲಾಗಿ," ಎಂದ ಗಡಿಯಾರದ ತಾತ, ಒಂದು ಕ್ಷಣವೂ ತಡಮಾಡದೆ, "ಅವರಿಗೆ ಇನ್ನೊಂದು ಲೋಟ ಗಂಜಿ ಹಾಕಿಸಿ..."

ಹಿರಿಯ ತಲೆ ತಗ್ಗಿಸಿ ಲೋಟ ಮುಂದೆ ಚಾಚಿದ. ಆಮೇಲೆ ಅವನು ಜಗಳಕ್ಕೆ ಬರಲಿಲ್ಲ. ನಡುವಿನ ಅಧಿಕಾರಿ ತೊಟ್ಟಿಲಿಗೆ ಆನಿ ಕೂತಿದ್ದ ಇಸ್ತ್ರಿಯಮ್ಮನ ಕಥೆ ಕೇಳುತ್ತ ಅವಳ ಹೆಗಲಿಗೆ ಒರಗಿ ನಿದ್ದೆ ಹೋದ. ಅವಳು ಹೆಗಲು ಅಲ್ಲಾಡಿಸದೆ ಹೇಳುತ್ತಲೇ ಇದ್ದಳು. ಕಿರಿಯ ಅಧಿಕಾರಿ ನಿದ್ದೆ ಮಾಡಲಿಲ್ಲ. ಕೊಪ್ಪೆಯೊಳಗಿಂದ ಒಬ್ಬೊಬ್ಬರ ಬಾಯನ್ನೇ ನೋಡುತ್ತಿದ್ದ.

ಊರಿನಲ್ಲಿ ಒಂಥರಾ ಅಮಲು ಏರಿತ್ತು. ಬಾವಿಕಟ್ಟೆಯಲ್ಲಿ, ಬೀದಿಯಲ್ಲಿ, ಯಾರೂ ಮಾತು ಮುಗಿಸುತ್ತಿರಲಿಲ್ಲ. "ಎಲ್ಲಿಗೆ ಹೊರಟಿರಿ?" ಎಂದರೆ "ಹೀಗೇ ಅಂಗಳದ ಕಡೆ ಹೋಗಿ, ಒಂಚೂರು ಕೇಳಿ..." ಎಂದು ನಗುತ್ತ ಹೋಗಿಬಿಡುತ್ತಿದ್ದರು. ರಾಟೆ ತಳ್ಳುವ ಆಳುಗಳೂ ಸಾಲಿನಲ್ಲಿ ಕೂತು ತಮ್ಮದೊಂದೊಂದು ತುಂಡು ಸೇರಿಸಿದರು. ಗುಮಾಸ್ತನ ಕೋಲಿಗೆ ಒಂದು ಕವೆಗೋಲು ಆನಿಸಿ ಕೊಟ್ಟರು, ಪಾಪ, ಕೈನೋವೆಂದು.

ಮೂರನೇ ದಿನ ಮಧ್ಯಾಹ್ನ ಮಾತು ತೀರಿತು.

ನಲವತ್ತೊಂದು ಜನರೂ ಎರಡೆರಡು ಸಲ ಹೇಳಿ ಆಗಿತ್ತು. ಹುಟ್ಟಿದ್ದು, ಬೆಳೆದದ್ದು, ಕಂಡದ್ದು, ಕನಸಿದ್ದು ಎಲ್ಲ ಮುಗಿದಿತ್ತು. ದನಿಗಳು ಒಂದೊಂದಾಗಿ ಆರಿ, ವಾಕ್ಯ ಸಾಲಿನ ತುದಿಯಿಂದ ತಿರುಗಿ ಅಕ್ಕನ ಬಳಿ ಬಂತು. ಅವಳ ಗಂಟಲಲ್ಲಿ ಗಾಳಿ ಮಾತ್ರ ಇತ್ತು.

"ಹೀಗೆ ನಾವು ಹೇಳಿ ಹೇಳಿ... ನೀವು ಕೇಳಿ ಕೇಳಿ..."

ಅಷ್ಟೇ. ಮುಂದೆ ಪದವಿರಲಿಲ್ಲ. ಹಿಂದೆ ತಿರುಗಿ ನೋಡಿದಳು. ಗರಗಸದಣ್ಣ ಬಾಯಿ ತೆರೆದ, ಮುಚ್ಚಿದ. ಇಸ್ತ್ರಿಯಮ್ಮ ಗಂಟಲು ತೋರಿಸಿ ತಲೆಯಾಡಿಸಿದಳು. ಒಂದು ಉಸಿರು ಕಳೆಯಿತು. ಅಂಗಳದಲ್ಲಿ ಯಾರೂ ಅಲ್ಲಾಡಲಿಲ್ಲ. ಎರಡನೇ ಉಸಿರು. ಅಕ್ಕ ಕಣ್ಣು ಮುಚ್ಚಿದಳು. ನಲವತ್ತೊಂದು ಚಾಪೆ ನೀರಿನಲ್ಲಿ ತೇಲುವುದು ಕಂಡಿತು.

"ಕೇಳಿ ಕೇಳಿ..."

ಅದು ಯಾರೂ ಕೇಳಿರದ ದನಿ. ತುಕ್ಕು ಹಿಡಿದ ಬಾಗಿಲು ತೆರೆದ ಹಾಗಿತ್ತು. ಅಕ್ಕ ಕಣ್ಣು ಬಿಟ್ಟಳು. ತೊಟ್ಟಿಲಿನಲ್ಲಿ ಕಿರಿಯ ಅಧಿಕಾರಿ ಕೊಪ್ಪೆ ಹಿಂದಕ್ಕೆ ಸರಿಸಿದ್ದ.

"ಕೇಳಿ ಕೇಳಿ, ನಮಗೂ ಒಂದು ಮಾತು ನೆನಪಿಗೆ ಬಂದು," ಅವನು ನಿಧಾನವಾಗಿ, ಮಂಜಿನಲ್ಲಿ ಮೆಟ್ಟಿಲಿಳಿಯುವವನ ಹಾಗೆ ಹೇಳಿದ, "ಒಂಬತ್ತು ವರ್ಷದಿಂದ ಈ ರಾಟೆಯಲ್ಲಿ ಮೇಲೆ ಹೋಗಿ ಊರು ನೋಡುವಾಗ, ಊರಿನ ಮನೆಗಳೆಲ್ಲ ಬರೀ ಹೆಂಚಾಗಿ, ಹೆಂಚಿನ ಕೆಳಗೆ ಯಾರಿದ್ದಾರೆ ಏನು ಮಾಡುತ್ತಾರೆ ಎಂದು ತಿಳಿಯದೆ, ಪ್ರತಿ ವರ್ಷ ಈ ಏಳು ದಿನ ಸೂರಿಲ್ಲದ ನಿಮ್ಮ ಚಾವಡಿಯೊಂದೇ ಒಳಗೆಲ್ಲ ಕಂಡು, ಇಸ್ತ್ರಿಯಮ್ಮ ತನ್ನ ಕಂಬಳಿಯ ಮೂಲೆಯನ್ನು ಪಕ್ಕದವಳ ಮೇಲೆ ಎಳೆಯುವುದು ಕಂಡು, ತಾತ ಎಲ್ಲರ ಉಸಿರು ಆಲಿಸಿ ಎಲ್ಲರೂ ಇದ್ದಾರೆಂದು ಖಾತ್ರಿ ಮಾಡಿಕೊಂಡು ಮಲಗುವುದು ಕಂಡು, ಕೊನೆಗೆ ಅಕ್ಕ ತನಗೆ ಚಾಪೆ ಸಾಲದೆ ಹೊಸ್ತಿಲ ಮೇಲೆ ತಲೆಯಿಟ್ಟು ಮಲಗುವುದು ಕಂಡು, ಕಂಡೂ ಕಂಡೂ ಒಂಬತ್ತು ವರ್ಷ ಬಾಯಿ ಬಿಡದ ನಾಚಿಕೆಯಿಂದ, ಈ ಊರಿನಲ್ಲಿ ನಮಗೆ ಪರಿಚಯವಿರುವ ಮನೆ ಅದೊಂದೇ ಆದ್ದರಿಂದ, ಸೂರನ್ನೂ ಕಂಬಳಿಯನ್ನೂ ಅಕ್ಕಿಯನ್ನೂ ಆ ಚಾವಡಿಗೆ..."

ಅವನು ಅಕ್ಕನನ್ನು ನೋಡಿದ.

"...ಕೊಟ್ಟೆವು."

ಮೂರು ದಿನದ ಅಭ್ಯಾಸ. ಕ್ರಿಯಾಪದ ಕಿವಿಗೆ ಬಿದ್ದದ್ದೇ ತಡ, ಗರಗಸದಣ್ಣನ ಬಾಯಿ ತಾನಾಗಿ ತೆರೆಯಿತು: "ಎಂ..."

ಅಕ್ಕ ಹಾರಿ ಹೋಗಿ ಎರಡೂ ಕೈಯಿಂದ ಅವನ ಬಾಯಿ ಮುಚ್ಚಿದಳು. ಇಸ್ತ್ರಿಯಮ್ಮ ತಾತನ ಬಾಯಿ ಮುಚ್ಚಿದಳು. ತಾತ ತಡಕಾಡಿ ಇನ್ನಾರದೋ ಬಾಯಿ ಮುಚ್ಚಿದ. ನಲವತ್ತೊಂದು ಜನ ಒಬ್ಬರ ಬಾಯಿ ಒಬ್ಬರು ಮುಚ್ಚಿಕೊಂಡು ಕಣ್ಣರಳಿಸಿ ನಿಂತರು. ಬಿಳಿಮನೆಯ ಯಜಮಾನರಿಗೂ "ಎಂದು" ನೆನಪಾಗದೆ ಇರಲಿಲ್ಲ. ಆದರೆ ಎರಡು ದಿನ ಮಳೆಯಲ್ಲಿ ನಿಂತ ಅವರು ಆಗಷ್ಟೇ ನಾಚಿಕೆ ಬಿಟ್ಟು ಒಂದು ಲೋಟ ಗಂಜಿ ಬಾಯಿಗಿಟ್ಟಿದ್ದರು. ಬಾಯಿ ತುಂಬಿತ್ತು. ಗಂಜಿ ಬಿಸಿಯಿತ್ತು.

ಗುಮಾಸ್ತ ಕವೆಗೋಲು ಕಿತ್ತೆಸೆದ. ಮೂರು ದಿನ ತಡೆದ ಕೈ ಬಿದ್ದ ರಭಸಕ್ಕೆ ಜಾಗಟೆ ಊರ ಹೊರಗಿನವರೆಗೂ ಕೇಳಿಸಿತು.

ಢಣ್!

"ಒಂದು ವರ್ಷಕ್ಕೆ!" ಎಂದು ಹಿರಿಯ ಅಧಿಕಾರಿ ಕೂಗಿದ. "ಒಂದು ವರ್ಷದ ಅವಧಿಗೆ ಅಂತ ಸೇರಿಸು! ಯಾವಾಗಲೂ ಅವಧಿ ಇರುತ್ತೆ!"

ಗುಮಾಸ್ತ ಕೈ ನೀವಿಕೊಳ್ಳುತ್ತ ಕಾಗದ ನೋಡಿದ, ಹಿರಿಯನನ್ನು ನೋಡಿದ. "ಅವಧಿ ಕ್ರಿಯಾಪದಕ್ಕಿಂತ ಮುಂಚೆ ಬರಬೇಕಿತ್ತು ಸ್ವಾಮಿ. ಪೂರ್ಣವಿರಾಮ ಬಿದ್ದಾಯ್ತು."

"ಹಾಗಾದರೆ ಎಷ್ಟು ದಿನಕ್ಕೆ ಕೊಟ್ಟ ಹಾಗಾಯ್ತು?"

"ಬರೆದಿಲ್ಲ ಸ್ವಾಮಿ. ಬರೆಯದ ಮೇಲೆ ಮುಗಿಯೋದು ಹೇಗೆ?"

ಅದು ಎಲ್ಲರ ತಲೆಗೆ ಇಳಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಬಾಯಿ ಮುಚ್ಚಿದ ಕೈಗಳೆಲ್ಲ ಮೇಲಕ್ಕೆ ಹಾರಿದವು. ಯಾರು ಯಾರನ್ನು ಎತ್ತಿಕೊಂಡರೋ, ಯಾರ ಪಂಚೆ ಯಾರ ಕೈಯಲ್ಲಿತ್ತೋ. ಆಳುಗಳು ಖುಷಿಯಲ್ಲಿ ರಾಟೆಯನ್ನು ತಳ್ಳಿಯೇ ತಳ್ಳಿದರು. ತೊಟ್ಟಿಲು ಒಂದು ಸುತ್ತು, ಎರಡು ಸುತ್ತು, ಹತ್ತು ಸುತ್ತು ತಿರುಗಿತು. ಹಿರಿಯನ ಜೇಬಿನ ಆದೇಶ ಗಾಳಿಗೆ ಹಾರಿ ಒಂದೊಂದೇ ಸೂರು ದಾಟಿ ಹೋಯಿತು. ನಡುವಿನವ ಎಚ್ಚರವಾಗಿ, ಏನಾಯಿತೆಂದು ಗೊತ್ತಿಲ್ಲದೆಯೇ ಚಪ್ಪಾಳೆ ತಟ್ಟಿದ. ಕಿರಿಯ ಕೆಳಗೆ ಬಂದಾಗಲೆಲ್ಲ ಕೈಬೀಸಿದ.

"ಇನ್ನೂ ಒಂದು ವಾಕ್ಯ ಬಾಕಿ ಇದೆ" ಎಂದು ಗುಮಾಸ್ತ ಎಲ್ಲರನ್ನೂ ಸುಮ್ಮನಾಗಿಸಿದ. "ಏಳನೇ ಸುತ್ತು, ಬಿಳಿಮನೆ ಯಜಮಾನರು. ಹೇಳಿ."

ಯಜಮಾನರು ಮುಂದೆ ಬಂದರು. ಅವರ ಬಿಳಿಯ ಶಲ್ಯದಿಂದ ನೀರು ತೊಟ್ಟಿಕ್ಕುತ್ತಿತ್ತು. ಬರೆದು ತಂದಿದ್ದ ಹಾಳೆ ಒದ್ದೆಯಾಗಿ ಮುದ್ದೆಯಾಗಿತ್ತು. ಅವರು ಅದನ್ನು ನೋಡಿದರು, ಅಕ್ಕನ ಕೈಯಲ್ಲಿದ್ದ ಪಾತ್ರೆ ನೋಡಿದರು.

"ಇನ್ನೊಂದು ಲೋಟ ಹಾಕಿ ತಾಯಿ" ಎಂದರು.

ಗುಮಾಸ್ತ ಮೆಲ್ಲಗೆ ಜಾಗಟೆ ತಟ್ಟಿದ. ಅಷ್ಟು ಚೊಕ್ಕ ವಾಕ್ಯ ಅವರ ಬಾಯಿಂದ ಹಿಂದೆಂದೂ ಬಂದಿರಲಿಲ್ಲ. ಅಕ್ಕ ಅವರ ಲೋಟ ತುಂಬಿಸಿ, "ನಿಮ್ಮ ಅರವತ್ತು ಮಂಚ ಸುಮ್ಮನೆ ಬಿದ್ದಿವೆಯಲ್ಲ ಯಜಮಾನರೇ" ಎಂದಳು. ಯಜಮಾನರು ಸೊಂಟದಿಂದ ಬೀಗದಕೈ ಗೊಂಚಲು ಬಿಚ್ಚಿ ಬಹಳ ಹೊತ್ತು ಕೈಯಲ್ಲಿ ತಿರುಗಿಸುತ್ತ ಕೂತರು.

ಹೆಂಚಿನ ಗಾಡಿ ಅಂಗಳಕ್ಕೆ ಬಂದಾಗ ಊರವರೆಲ್ಲ ಸಾಲಾಗಿ ನಿಂತರು. ಅಂಗಳದಿಂದ ಚಾವಡಿಯವರೆಗೂ ಹೆಂಚು ಕೈಯಿಂದ ಕೈಗೆ ಹೋಯಿತು. ಗರಗಸದಣ್ಣ ತೊಲೆ ಏರಿಸಿದ. ತನಗಾಗಿ ಏರಿಸಿದ ಮೊದಲನೇ ತೊಲೆ. ಹೊತ್ತು ಮುಳುಗುವಷ್ಟರಲ್ಲಿ ಕೊನೆಯ ಹೆಂಚು ಕೂತಿತು. ಒಳಗೆ ಕತ್ತಲೆಯಾಯಿತು, ಬೆಚ್ಚಗಾಯಿತು, ಆಮೇಲೆ ನಲವತ್ತೊಂದು ಗೊರಕೆ ಒಟ್ಟಿಗೆ ಎದ್ದಿತು.

ಅಕ್ಕ ಹೊರಗಿನ ಜಗಲಿಯ ಮೇಲೆ ಕೂತಿದ್ದಳು. ಕೂತಲ್ಲೇ ಇಡೀ ಬೀದಿ ಮೆಲ್ಲಗೆ ಸುತ್ತುತ್ತಿತ್ತು. ಅವಳು ಎರಡೂ ಕೈಯಿಂದ ಜಗಲಿಯ ಅಂಚು ಹಿಡಿದುಕೊಂಡು ಒಬ್ಬಳೇ ನಗುತ್ತಿದ್ದಳು. ದನಿಯೇ ಇಲ್ಲದ ನಗು, ಹೆಗಲು ಮಾತ್ರ ಕುಲುಕುತ್ತಿತ್ತು. ಎದುರು ಮನೆಯ ಮುದುಕಿ ಬಾಗಿಲಿಗೆ ಬಂದು ದಿನಾ ಕೇಳುವ ಹಾಗೆ ಕೇಳಿದಳು:

"ಏನಕ್ಕಾ, ಊಟ ಆಯ್ತಾ?"

"ಊಟಕ್ಕೆ ಕೂತು," ಎಂದಳು ಅಕ್ಕ ಕೀರಲು ದನಿಯಲ್ಲಿ, "ಎಲ್ಲರಿಗೂ ಬಡಿಸಿ, ನಾನೂ ಒಂದು ಲೋಟ ಕುಡಿದು, ಪಾತ್ರೆ ತೊಳೆದು..."

ಮುದುಕಿ ಬಾಗಿಲಿಗೆ ಒರಗಿ ಕಾದಳು. ಅಕ್ಕ ಒಂದು ಉಸಿರು ತೆಗೆದುಕೊಂಡಳು. ಇನ್ನೊಂದು ತೆಗೆದುಕೊಂಡಳು. ಯಾವ ಅವಸರವೂ ಇರಲಿಲ್ಲ.

"ಆಯ್ತು" ಎಂದಳು.